ಎಳೆಯ ಮಕ್ಕಳ ಶಿಕ್ಷಣದಲ್ಲಿ ವನದ ಸ್ಥಾನ

ಮೈಸೂರಿನ ಒಂಟಿಕೊಪ್ಪಲಿನ ಹೆಸರು ಕನ್ನಡ ನಾಡಿನ ಮನೆಮನೆಗೆ ತಲುಪಿರುವುದು ಪಂಚಾಂಗದ ಮೂಲಕ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ 13–14 ದಿನಗಳಂತೆ ಸಂಚರಿಸುವ ಲೆಕ್ಕವನ್ನು ಹಿಡಿದು, ಭರಣಿ ಮಳೆ ಎಂದು, ಕೃತ್ತಿಕೆ ಎಂದು, ರೋಹಿಣಿ, ಮೃಗಶಿರ, ಆರಿದ್ರ ಎಂದು ನಮ್ಮ ರೈತರು ಮಳೆಗಾಲವನ್ನು ಭಾಗಿಸಿಕೊಂಡರು. ಯಾವ ಮಳೆಗೆ ಉಳಬೇಕು, ಯಾವ ಮಳೆಗೆ ಬಿತ್ತಬೇಕು ಎಂಬ ತಿಳಿವಳಿಕೆ ಪುಸ್ತಕಕ್ಕಿಂತ ಮೊದಲು ಹೊಲದಲ್ಲಿ ಹುಟ್ಟಿತು; ಪಂಚಾಂಗವು ಅದನ್ನು ಬರೆದಿಟ್ಟುಕೊಂಡಿತು. ಇಂದು ಅದೇ ಒಂಟಿಕೊಪ್ಪಲಿನ ಮನೆಯೊಂದರಲ್ಲಿ ಬೆಳೆಯುವ ಐದು ವರ್ಷದ ಮಗುವಿಗೆ ಮೃಗಶಿರ ಎಂಬುದು ಅಚ್ಚಿನ ಹೆಸರು ಮಾತ್ರ. ಆ ಮಳೆ ಮಣ್ಣಿಗೆ ಬಿದ್ದಾಗ ಏಳುವ ವಾಸನೆ, ಹುತ್ತದಿಂದ ರೆಕ್ಕೆ ಹೊತ್ತು ಏಳುವ ಈಸಲು ಹುಳು, ನೆಲದ ಮೇಲೆ ಹರಿದಾಡುವ ಕೆಂಪು ಮಖಮಲ್ಲಿನಂಥ ಪುಟ್ಟ ಹುಳು, ಇವೊಂದೂ ಆ ಹೆಸರಿನ ಜೊತೆಗೆ ಅದರ ಮನಸ್ಸಿಗೆ ಬರುವುದಿಲ್ಲ. ಹೆಸರು ಉಳಿದು ವಸ್ತು ಮರೆಯಾಗುವ ಈ ಸ್ಥಿತಿಯೇ ಇಂದಿನ ಶಿಶುಶಿಕ್ಷಣದ ಮುಖ್ಯ ಕೊರತೆ. ಇದಕ್ಕೆ ಪರಿಹಾರವಾಗಿ ಲೋಕದ ನಾನಾ ಭಾಗಗಳಲ್ಲಿ ಶಿಕ್ಷಣತಜ್ಞರು ಕಂಡುಕೊಂಡ ಮಾರ್ಗವೆಂದರೆ ಶಾಲೆಯ ದಿನದ ಒಂದು ಭಾಗವನ್ನು, ಕೆಲವೆಡೆ ಇಡೀ ದಿನವನ್ನು, ಮಕ್ಕಳು ಮರಗಿಡಗಳ ನಡುವೆ ಕಳೆಯುವಂತೆ ಮಾಡುವುದು. ಅದರ ಸ್ವರೂಪವೇನು, ಅದರಿಂದ ಮಗುವಿಗೆ ಒದಗುವುದೇನು, ನಮ್ಮ ಊರುಗಳಲ್ಲಿ ಅದನ್ನು ನಡೆಸುವ ಬಗೆ ಹೇಗೆ ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪೂರ್ವಪ್ರಯೋಗಗಳು

ಗುರುವಿನ ಬಳಿ ವನದಲ್ಲಿದ್ದು ಕಲಿಯುವ ಕಲ್ಪನೆ ಭಾರತಕ್ಕೆ ಹೊಸತಲ್ಲ. ಆಧುನಿಕ ಕಾಲದಲ್ಲಿ ಅದಕ್ಕೆ ಮತ್ತೆ ಜೀವ ತುಂಬಿದವರು ರವೀಂದ್ರನಾಥ ಠಾಕೂರರು. 1901ರಲ್ಲಿ ಬೆರಳೆಣಿಕೆಯ ವಿದ್ಯಾರ್ಥಿಗಳೊಡನೆ ಶಾಂತಿನಿಕೇತನದಲ್ಲಿ ಅವರು ಆರಂಭಿಸಿದ ಶಾಲೆಯಲ್ಲಿ ತರಗತಿಗಳು ಮರದ ನೆರಳಿನಲ್ಲಿ ನಡೆದುವು. 1937ರಲ್ಲಿ ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿಯವರು ಮುಂದಿಟ್ಟ ಮೂಲಶಿಕ್ಷಣದ ಯೋಜನೆಯು ಕೈಕೆಲಸವನ್ನೂ ಸುತ್ತಣ ಪರಿಸರವನ್ನೂ ಪಾಠದ ಕೇಂದ್ರಕ್ಕೆ ತಂದಿತು. 1939ರಲ್ಲಿ ಭಾರತಕ್ಕೆ ಬಂದ ಮರಿಯಾ ಮಾಂಟೆಸೊರಿ ಅವರು ಯುದ್ಧಕಾಲದಲ್ಲಿ ಕೊಡೈಕನಾಲಿನಲ್ಲಿ ನೆಲೆಸಬೇಕಾಗಿ ಬಂದಾಗ, ಅಲ್ಲಿಯ ಗಿಡ, ಹುಳು, ಹಕ್ಕಿಗಳ ನಡುವೆಯೇ ಮಕ್ಕಳಿಗೆ ಪ್ರಕೃತಿಪಾಠಗಳನ್ನು ರೂಪಿಸಿದರು.

ಯೂರೋಪಿನಲ್ಲಿ ಫ್ರೀಡ್ರಿಕ್ ಫ್ರೋಬೆಲ್ ಅವರು 1840ರಲ್ಲಿ ತಮ್ಮ ಶಿಶುಶಾಲೆಗೆ ಕೊಟ್ಟ ಹೆಸರೇ ‘ಕಿಂಡರ್‌ಗಾರ್ಟನ್’, ಎಂದರೆ ಮಕ್ಕಳ ತೋಟ. ಹೆಸರಿನಲ್ಲಿದ್ದ ಆ ತೋಟ ಕಾಲಕ್ರಮದಲ್ಲಿ ಕೋಣೆಯಾಗಿ ಮಾರ್ಪಟ್ಟಿತು. 1950ರ ದಶಕದ ಆರಂಭದಲ್ಲಿ ಡೆನ್ಮಾರ್ಕಿನ ಎಲ್ಲಾ ಫ್ಲಾಟೌ ಎಂಬ ತಾಯಿ ತನ್ನ ಮಕ್ಕಳನ್ನೂ ನೆರೆಹೊರೆಯ ಮಕ್ಕಳನ್ನೂ ಕಾಡಿಗೆ ಕರೆದೊಯ್ಯತೊಡಗಿದಳು. ಅದೇ ಮುಂದೆ ವನಶಿಶುವಿಹಾರಗಳಿಗೆ ಬೀಜವಾಯಿತೆಂದು ಹೇಳುತ್ತಾರೆ. 1993ರಲ್ಲಿ ಜರ್ಮನಿಯ ಫ್ಲೆನ್ಸ್‌ಬರ್ಗ್ ನಗರದ ವನಶಿಶುವಿಹಾರಕ್ಕೆ ಸರ್ಕಾರದ ಮಾನ್ಯತೆ ದೊರೆಯಿತು. ಅದೇ ವರ್ಷ ಇಂಗ್ಲೆಂಡಿನ ಬ್ರಿಡ್ಜ್‌ವಾಟರ್ ಕಾಲೇಜಿನವರು ಡೆನ್ಮಾರ್ಕಿಗೆ ಹೋಗಿ ನೋಡಿಬಂದು ತಮ್ಮ ನಾಡಿನಲ್ಲಿ ಅಂಥ ಶಾಲೆಗೆ ತೊಡಗಿದರು.

ಕನ್ನಡ ನಾಡಿನಲ್ಲಿಯೂ ಈ ದಿಕ್ಕಿನ ಕೆಲಸ ಇಲ್ಲದಿಲ್ಲ. ಪುತ್ತೂರಿನಲ್ಲಿ ಶಿವರಾಮ ಕಾರಂತರು ಕಟ್ಟಿದ ‘ಬಾಲವನ’ವು ಮಕ್ಕಳ ಶಿಕ್ಷಣದ ಪ್ರಯೋಗಭೂಮಿಯಾಗಿತ್ತು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಕೃತಿ, ಶಿಷ್ಯರೊಡನೆ ಕಾಡಿನಲ್ಲಿ ಸುತ್ತಿ ಸಸ್ಯಶಾಸ್ತ್ರವನ್ನು ಕಲಿಸಿದ ಅಧ್ಯಾಪಕನ ಅನುಭವಕಥನವೇ ಆಗಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ‘ನಲಿ ಕಲಿ’ ಪದ್ಧತಿಯು ಚಟುವಟಿಕೆಯ ಮೂಲಕ, ತನ್ನ ವೇಗಕ್ಕೆ ತಕ್ಕಂತೆ ಮಗು ಕಲಿಯಬೇಕೆಂಬ ತತ್ತ್ವವನ್ನು ಸರ್ಕಾರಿ ಶಾಲೆಗೆ ತಂದು, ಮುಂದೆ ರಾಜ್ಯಾದ್ಯಂತ ವ್ಯಾಪಿಸಿತು. ರಾಜ್ಯ ಅರಣ್ಯ ಇಲಾಖೆಯ ‘ಚಿಣ್ಣರ ವನದರ್ಶನ’ವು ಶಾಲಾಮಕ್ಕಳಿಗೆ ಕಾಡನ್ನು ತೋರಿಸುವ ಕಾರ್ಯಕ್ರಮ. ಆದರೆ ಕಾಡನ್ನು ಒಮ್ಮೆ ನೋಡಿಬರುವುದಕ್ಕೂ ಕಾಡಿನಲ್ಲಿ ಕಲಿಯುವುದಕ್ಕೂ ಅಂತರವುಂಟು.

ಪ್ರವಾಸವಲ್ಲ, ಪರಿಚಯ

ಶಾಲೆಯ ಪ್ರವಾಸವು ವರ್ಷಕ್ಕೊಮ್ಮೆ ಒದಗುವ ಹಬ್ಬ. ಬಸ್ಸಿನಲ್ಲಿ ಹೋಗಿ, ಬುತ್ತಿ ಉಂಡು, ಹಾಡಿ ಕುಣಿದು ಮರಳುವುದರಲ್ಲಿ ಆನಂದವಿದೆ, ಪರಿಚಯವಿಲ್ಲ. ವನಶಿಕ್ಷಣದ ತಿರುಳಿರುವುದು ಪುನರಾವರ್ತನೆಯಲ್ಲಿ. ಅದೇ ಮಕ್ಕಳು, ಅದೇ ಜಾಗಕ್ಕೆ, ವಾರಕ್ಕೊಮ್ಮೆಯಾದರೂ ವರ್ಷವಿಡೀ ಹೋಗಬೇಕು. ಒಂದು ಹೊಂಗೆಯ ಮರವನ್ನು ಒಮ್ಮೆ ಕಂಡ ಮಗು ಅದರ ಹೆಸರನ್ನು ಕಲಿಯುತ್ತದೆ. ಅದೇ ಮರವನ್ನು ವರ್ಷಪೂರ್ತಿ ಕಂಡ ಮಗು, ಚಳಿಯ ಕೊನೆಯಲ್ಲಿ ಎಲೆ ಉದುರುವುದನ್ನೂ, ಹೊಳೆಯುವ ಚಿಗುರು ಮೂಡುವುದನ್ನೂ, ಬೇಸಗೆಯಲ್ಲಿ ಹೂವು ಅರಳು ಚೆಲ್ಲಿದಂತೆ ನೆಲವನ್ನು ಮುಚ್ಚುವುದನ್ನೂ, ಚಪ್ಪಟೆಯಾದ ಕಾಯಿ ಬಲಿತು ಒಣಗುವುದನ್ನೂ ಕಂಡು, ಕಾಲವೆಂದರೇನು ಎಂಬುದನ್ನು ಕಲಿಯುತ್ತದೆ. ಗಡಿಯಾರವನ್ನು ನೋಡಲು ಬಾರದ ವಯಸ್ಸಿನ ಮಗುವಿಗೆ ಕಾಲದ ಗತಿಯನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉಪಕರಣ ಬೇರೊಂದಿಲ್ಲ.

‘ವನ’ ಎಂದಾಗ ಬಂಡೀಪುರ, ನಾಗರಹೊಳೆಗಳಂಥ ಮಹಾರಣ್ಯವೇ ಆಗಬೇಕೆಂದಿಲ್ಲ. ಮೂರರಿಂದ ಎಂಟು ವರ್ಷದ ಮಕ್ಕಳ ಕಣ್ಣಿಗೆ ಹತ್ತು ಮರಗಳ ತೋಪೂ ಕಾಡೇ. ಈ ದೃಷ್ಟಿಯಿಂದ ಒಂಟಿಕೊಪ್ಪಲಿನ ಮಕ್ಕಳು ಭಾಗ್ಯವಂತರು. ಕೊಪ್ಪಲು ಎಂದರೆ ಚಿಕ್ಕ ಹಳ್ಳಿ. ಕನ್ನೇಗೌಡನ ಕೊಪ್ಪಲು, ತೊಣಚಿಕೊಪ್ಪಲು ಮೊದಲಾದ ಹೆಸರುಗಳಂತೆ ಇದೂ ಮೈಸೂರು ಬೆಳೆದು ತನ್ನೊಳಗೆ ಸೇರಿಸಿಕೊಂಡ ಹಳ್ಳಿಯ ನೆನಪು. ಸಮೀಪದಲ್ಲಿಯೇ ಚೆಲುವಾಂಬಾ ಉದ್ಯಾನವಿದೆ. ಆಚೆಗೆ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ನಿರ್ಮಾಣವಾದ ಕುಕ್ಕರಹಳ್ಳಿ ಕೆರೆಯೂ ಅದರ ಸುತ್ತಿನ ಮರಗಳ ಸಾಲೂ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಗೆ ಹೊಂದಿಕೊಂಡಿವೆ. ಕುವೆಂಪು ಅವರ ‘ಉದಯರವಿ’ ಇರುವುದು ಈ ಆಸುಪಾಸಿನಲ್ಲಿಯೇ. ಈ ಕೆರೆಯ ದಡ ಅವರ ನಡಿಗೆಯ ಹಾದಿಯಾಗಿತ್ತು. ಆ ಮನೆಯಲ್ಲಿ ಬೆಳೆದ ಪೂರ್ಣಚಂದ್ರ ತೇಜಸ್ವಿಯವರು ಮುಂದೆ ಹಕ್ಕಿಗಳನ್ನೂ ಹುಳುಗಳನ್ನೂ ಕುರಿತು ಕನ್ನಡದಲ್ಲಿ ಬರೆದುದು ಎಲ್ಲರಿಗೂ ತಿಳಿದಿರುವ ಸಂಗತಿ.

ಮಗು ಅಲ್ಲಿ ಕಲಿಯುವುದೇನು

ಮೊದಲನೆಯದು ಇಂದ್ರಿಯಗಳ ಸಂಸ್ಕಾರ. ಪಠ್ಯಪುಸ್ತಕದ ಚಿತ್ರದಲ್ಲಿ ಎಲೆಗೆ ಬಣ್ಣವೊಂದೇ ಉಂಟು. ಕೈಯಲ್ಲಿರುವ ಎಲೆಗೆ ನುಣುಪು, ಒರಟು, ಜಿಗುಟು, ರೋಮ, ವಾಸನೆ ಎಲ್ಲವೂ ಉಂಟು. ಬೇವಿನ ಎಲೆಯ ಕಹಿ, ನೆಲ್ಲಿಕಾಯಿಯ ಒಗರು, ಅದನ್ನು ತಿಂದು ನೀರು ಕುಡಿದಾಗ ಉಂಟಾಗುವ ಸಿಹಿ, ಇವನ್ನು ಮಾತಿನಿಂದ ಕಲಿಸಲಾಗದು. ಅನುಭವ ಮೊದಲಾಗಿ ಪದ ಅನಂತರ ಬಂದಾಗ ಆ ಪದ ಮಗುವಿನ ಸ್ವಂತ ಆಸ್ತಿಯಾಗುತ್ತದೆ.

ಎರಡನೆಯದು ಭಾಷೆ. ಕನ್ನಡದ ಗಾದೆ, ಒಗಟು, ಜನಪದ ಕಥೆಗಳೆಲ್ಲವೂ ಗಿಡ, ಮರ, ಪ್ರಾಣಿ, ಮಳೆಗಳ ಲೋಕದಿಂದ ಬಂದುವು. ಅಕ್ಕಮಹಾದೇವಿಯ ವಚನಗಳಲ್ಲಿ ಗಿಳಿ, ಕೋಗಿಲೆ, ದುಂಬಿ, ನವಿಲುಗಳನ್ನು ಕರೆದು ಮಾತಾಡಿಸುವುದುಂಟು. ತನ್ನ ನೂಲಿನಿಂದಲೇ ತನ್ನನ್ನು ಸುತ್ತಿಕೊಳ್ಳುವ ರೇಷ್ಮೆಹುಳುವಿನ ದೃಷ್ಟಾಂತವೂ ಉಂಟು. ದುಂಬಿಯನ್ನೇ ಕಾಣದ ಮಗು ದೊಡ್ಡದಾದ ಮೇಲೆ ಅವುಗಳ ಅರ್ಥವನ್ನು ಟಿಪ್ಪಣಿಯಿಂದ ತಿಳಿಯಬೇಕಾಗುತ್ತದೆ. ಟಿಪ್ಪಣಿಯಿಂದ ತಿಳಿದ ಅರ್ಥ ಬುದ್ಧಿಗೆ ಮುಟ್ಟೀತು, ಹೃದಯಕ್ಕೆ ಮುಟ್ಟುವುದು ಕಷ್ಟ.

ಮೂರನೆಯದು ಗಣಿತ ಮತ್ತು ವಿಚಾರಶಕ್ತಿ. ಉದುರಿದ ಎಲೆಗಳನ್ನು ಗಾತ್ರದಂತೆ ಜೋಡಿಸುವುದು, ಹೊಂಗೆಯ ಬೀಜಗಳನ್ನು ಹತ್ತು ಹತ್ತರ ಗುಂಪು ಮಾಡುವುದು, ಹುಣಿಸೆಯ ಎಲೆಯಲ್ಲಿ ಇರುವ ಜೋಡಿಗಳನ್ನು ಎಣಿಸುವುದು, ಮರದ ನೆರಳು ಬೆಳಿಗ್ಗೆ ಎಲ್ಲಿತ್ತು, ಈಗ ಎಲ್ಲಿದೆ ಎಂದು ಕಲ್ಲಿಟ್ಟು ಗುರುತಿಸುವುದು, ಇವೆಲ್ಲ ಲೆಕ್ಕವೇ. ನೀರಿನಿಂದ ಎದ್ದ ನೀರುಕಾಗೆ ಕೊಂಬೆಯ ಮೇಲೆ ರೆಕ್ಕೆ ಹರಡಿ ಏಕೆ ಕುಳಿತಿದೆ ಎಂದು ಮಗು ಕೇಳಿದರೆ, ಶಿಕ್ಷಕಿ ತಕ್ಷಣ ಉತ್ತರಿಸಬಾರದು. ‘ನಿನಗೇನು ತೋರುತ್ತದೆ?’ ಎಂದು ಕೇಳಬೇಕು. ಒಬ್ಬನು ಹಕ್ಕಿಗೆ ಸೆಕೆ ಎನ್ನಬಹುದು. ಇನ್ನೊಬ್ಬಳು ತನ್ನ ಮನೆಯ ಹಗ್ಗದ ಮೇಲಿನ ಒದ್ದೆ ಬಟ್ಟೆಯನ್ನು ನೆನೆಯಬಹುದು. ನೀರುಕಾಗೆಯ ಗರಿ ಬಾತುಕೋಳಿಯ ಗರಿಯಂತಲ್ಲ, ಅದು ನೆನೆಯುತ್ತದೆ. ಆದುದರಿಂದ ಅದನ್ನು ಒಣಗಿಸಬೇಕು. ಹೀಗೆ ಮಗುವೇ ಹತ್ತಿರ ಬಂದು ಮುಟ್ಟಿದ ಉತ್ತರವೇ ವಿಜ್ಞಾನದ ಮೊದಲ ಪಾಠ.

ನಾಲ್ಕನೆಯದು ದೇಹ. ಏರುತಗ್ಗಿನ ನೆಲ, ಬೇರು, ಬಂಡೆಗಳ ಮೇಲೆ ನಡೆಯುವ ಮಗುವಿಗೆ ಸಮತೋಲನ ತಾನಾಗಿ ಒದಗುತ್ತದೆ. ಹಿಂದಿನವರು ಆಡುತ್ತಿದ್ದ ಮರಕೋತಿಯ ಆಟ ಇದನ್ನೇ ಕಲಿಸುತ್ತಿತ್ತು. ಕಣ್ಣಿನ ಆರೋಗ್ಯದ ವಿಷಯದಲ್ಲಿ ಖಚಿತವಾದ ಸಾಕ್ಷ್ಯವೂ ದೊರೆತಿದೆ. ಚೀನದ ಗ್ವಾಂಗ್‌ಜೌ ನಗರದ 12 ಶಾಲೆಗಳಲ್ಲಿ ಮೂರು ವರ್ಷಗಳ ಕಾಲ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದನೆಯ ತರಗತಿಯ ಮಕ್ಕಳ ಒಂದು ಪಂಗಡಕ್ಕೆ ಶಾಲೆಯ ದಿನದಲ್ಲಿ 40 ನಿಮಿಷ ಹೆಚ್ಚಾಗಿ ಬಯಲಿನಲ್ಲಿರುವ ಅವಕಾಶ ಕೊಡಲಾಯಿತು. ಆ ಪಂಗಡದಲ್ಲಿ ಹೊಸದಾಗಿ ಸಮೀಪದೃಷ್ಟಿಯ ದೋಷಕ್ಕೆ ಒಳಗಾದವರು ಶೇಕಡ 30.4; ಉಳಿದವರಲ್ಲಿ ಶೇಕಡ 39.5. ಬಯಲಿನ ಬೆಳಕೂ ದೂರಕ್ಕೆ ಹಾಯುವ ನೋಟವೂ ಬೆಳೆಯುವ ಕಣ್ಣಿಗೆ ಹಿತ. ಏಳೆಂಟು ವರ್ಷಕ್ಕೇ ಕನ್ನಡಕ ಧರಿಸುವ ಮಕ್ಕಳು ಹೆಚ್ಚುತ್ತಿರುವ ದಿನಗಳಲ್ಲಿ ತಂದೆತಾಯಿಗಳು ಇದನ್ನು ಗಮನಿಸತಕ್ಕದ್ದು.

ಒಂದು ದಿನದ ಕ್ರಮ

ಒಂಟಿಕೊಪ್ಪಲಿನ ಶಿಶುವಿಹಾರವೊಂದು ಇಂಥ ದಿನವನ್ನು ನಡೆಸಲು ದೊಡ್ಡ ಸಿದ್ಧತೆ ಬೇಕಿಲ್ಲ. ಬಿಸಿಲೇರುವ ಮುನ್ನ, ಏಳೂವರೆ ಎಂಟರ ವೇಳೆಗೆ ಹೊರಟು ಹನ್ನೊಂದರೊಳಗೆ ಮರಳುವುದು ಲೇಸು. ಐದಾರು ಮಕ್ಕಳಿಗೆ ಒಬ್ಬ ಹಿರಿಯರಿರಬೇಕು. ಶಿಕ್ಷಕಿಯರು ಸಾಲದಿದ್ದರೆ ಅಜ್ಜ ಅಜ್ಜಿಯರನ್ನು ಜೊತೆಗೆ ಕರೆಯಬಹುದು. ಎಷ್ಟೋ ಗಿಡಗಳ ಹೆಸರು ಈಗ ಉಳಿದಿರುವುದು ಅವರ ನಾಲಗೆಯ ಮೇಲೆಯೇ. ಕಾಲಿಗೆ ಮುಚ್ಚಿದ ಪಾದರಕ್ಷೆ, ತಲೆಗೆ ಟೋಪಿ, ನೀರು, ಒಂದಿಷ್ಟು ಚುರುಮುರಿ ಅಥವಾ ಬಾಳೆಹಣ್ಣು ಸಾಕು.

ಮೊದಲು ಒಂದೆಡೆ ಕುಳಿತು ಕಣ್ಣು ಮುಚ್ಚಿ ಕೇಳುವುದು: ಎಷ್ಟು ಬಗೆಯ ದನಿ? ಬೆರಳು ಮಡಿಸಿ ಎಣಿಸಲಿ. ಆಮೇಲೆ ತಮ್ಮ ಮರವನ್ನು ಕಂಡುಬರುವುದು. ಪ್ರತಿಯೊಂದು ಮಗುವಿಗೂ ವರ್ಷದ ಮೊದಲಲ್ಲಿ ಆರಿಸಿಕೊಂಡ ಮರವೊಂದಿರಬೇಕು. ಅನಂತರ ಸುಮಾರು ಒಂದು ಗಂಟೆ ಸ್ವಚ್ಛಂದ ಕಾಲ. ಕಡ್ಡಿಗಳಿಂದ ಮನೆ ಕಟ್ಟುವವರು ಕಟ್ಟಲಿ, ಇರುವೆಯ ಸಾಲಿನ ಹಿಂದೆ ಹೋಗುವವರು ಹೋಗಲಿ, ಮಾವಿನ ಎಲೆಗಳನ್ನು ಹೆಣೆದ ಕೆಂಜಿಗದ ಗೂಡನ್ನು ದೂರ ನಿಂತು ನೋಡುವವರು ನೋಡಲಿ. ಶಿಕ್ಷಕಿಗೆ ಅತ್ಯಂತ ಕಠಿಣವಾದ ಭಾಗ ಇದೇ, ಏಕೆಂದರೆ ಇಲ್ಲಿ ಅವಳು ಕಲಿಸದೆ ಇರುವುದನ್ನು ಕಲಿಯಬೇಕು. ಕೊನೆಗೆ ಎಲ್ಲರೂ ಸುತ್ತ ಕುಳಿತು ತಾವು ಕಂಡದ್ದನ್ನು ಒಂದೊಂದು ಮಾತಿನಲ್ಲಿ ಹೇಳುವುದು. ಮರುದಿನ ತರಗತಿಯಲ್ಲಿ ಅದೇ ಚಿತ್ರವಾಗುತ್ತದೆ, ಹಾಡಾಗುತ್ತದೆ, ಅಕ್ಷರವಾಗುತ್ತದೆ. ‘ಹ’ ಎಂಬ ಅಕ್ಷರ ಹೆಜ್ಜಾರ್ಲೆಯನ್ನು ಕೆರೆಯಲ್ಲಿ ಕಂಡುಬಂದ ಮಗುವಿಗೆ ಕಲಿಯಲು ಭಾರವಲ್ಲ.

ನಿಯಮಗಳು ಕೆಲವೇ ಇರಲಿ, ತಪ್ಪದೆ ಇರಲಿ: ಬಿದ್ದುದನ್ನು ಆಯಬಹುದು, ಗಿಡದಿಂದ ಕೀಳಕೂಡದು, ಗೂಡನ್ನು ಮುಟ್ಟಕೂಡದು, ಹಿರಿಯರ ಕಣ್ಣಿಗೆ ಮರೆಯಾಗಕೂಡದು, ಹಿರಿಯರು ಕೊಡದ ಕಾಯಿಯನ್ನು ಬಾಯಿಗೆ ಹಾಕಕೂಡದು.

ಅಪಾಯ ಮತ್ತು ಎಚ್ಚರ

ಹಾವು, ಹೆಜ್ಜೇನು, ನೀರು ಈ ಮೂರರ ಭಯ ಹೆತ್ತವರಿಗೆ ಸಹಜ, ಅದನ್ನು ಲಘುವಾಗಿ ತಳ್ಳಿಹಾಕಬಾರದು. ಹಿಂದಿನ ದಿನವೇ ಶಿಕ್ಷಕಿ ಜಾಗವನ್ನು ನಡೆದು ನೋಡಿಬರಬೇಕು. ಬಿಲ, ಪೊಟರೆ, ಕಲ್ಲಿನ ಸಂದಿಗೆ ಕೈ ಹಾಕದಿರುವುದನ್ನು ಮಕ್ಕಳಿಗೆ ಮೊದಲ ದಿನವೇ ಅಭ್ಯಾಸ ಮಾಡಿಸಬೇಕು. ಹಾವು ಕಚ್ಚಿದ ಪಕ್ಷದಲ್ಲಿ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಹೀರುವುದು ಯಾವುದೂ ಸಲ್ಲದು. ಮಗುವನ್ನು ನಡೆಸದೆ, ಅಲುಗಾಡಿಸದೆ, ವಿಷನಿರೋಧಕ ಔಷಧಿಯಿರುವ ಆಸ್ಪತ್ರೆಗೆ ಕೂಡಲೆ ಒಯ್ಯಬೇಕು. ಹೆಜ್ಜೇನು ಕಟ್ಟಿದ ಮರದಡಿ ಅಂದು ಹೋಗದಿರುವುದೇ ಉಪಾಯ. ಕೆರೆಯ ಬಳಿ ನೀರಿಗೂ ಮಕ್ಕಳಿಗೂ ನಡುವೆ ಯಾವಾಗಲೂ ಹಿರಿಯರಿರಬೇಕು.

ಜನ ಅಷ್ಟಾಗಿ ಗಮನಿಸದ ಅಪಾಯಗಳು ಗಿಡಗಳಲ್ಲಿಯೇ ಇವೆ. ಕಣಗಿಲೆ, ದತ್ತೂರಿ, ಗುಲಗಂಜಿಯ ಬೀಜ ಇವು ವಿಷ. ಎಕ್ಕದ ಹಾಲು ಕಣ್ಣಿಗೆ ಹಾನಿ. ಕಾಂಗ್ರೆಸ್ ಗಿಡದಿಂದ ಕೆಲವರಿಗೆ ಚರ್ಮದ ತುರಿಕೆ, ಉಬ್ಬಸ. ಇವನ್ನು ತೋರಿಸಿ, ಹೆಸರು ಹೇಳಿ, ದೂರವಿಡಲು ಕಲಿಸುವುದೂ ಪಾಠವೇ. ಚಾಮುಂಡಿ ಬೆಟ್ಟದ ಕುರುಚಲು ಕಾಡು ಸೊಗಸಾದದ್ದಾದರೂ ಅಲ್ಲಿ ಚಿರತೆಗಳಿವೆ, ಅದು ರಕ್ಷಿತಾರಣ್ಯವೂ ಹೌದು. ಅರಣ್ಯ ಇಲಾಖೆಯ ಒಪ್ಪಿಗೆ ಮತ್ತು ಸಿಬ್ಬಂದಿಯ ನೆರವಿನೊಡನೆ ದೊಡ್ಡ ಮಕ್ಕಳಿಗೆ ಅದನ್ನು ಮೀಸಲಿಡುವುದು ಯುಕ್ತ. ಅಪಾಯವನ್ನು ಗುರುತಿಸಿ ತನ್ನನ್ನು ಕಾಪಾಡಿಕೊಳ್ಳಲು ಕಲಿತ ಮಗು, ಅಪಾಯವನ್ನೇ ಕಾಣದೆ ಬೆಳೆದ ಮಗುವಿಗಿಂತ ಹೆಚ್ಚು ಸುರಕ್ಷಿತ ಎಂಬುದನ್ನು ಮರೆಯಬಾರದು.

ಓದುಬರಹ ಹಿಂದೆ ಬೀಳುವುದೆಂಬುದು ಇನ್ನೊಂದು ಆಕ್ಷೇಪ. ವಾರದಲ್ಲಿ ಒಂದು ಬೆಳಿಗ್ಗೆ ಹೊರಗೆ ಕಳೆದುದರಿಂದ ತಪ್ಪುವುದು ಕೆಲವು ಪುಟಗಳ ತಿದ್ದುವಿಕೆ ಮಾತ್ರ. ಕಡ್ಡಿ ಹಿಡಿದು, ಮಣ್ಣು ಕಲಸಿ ಬಲಿತ ಬೆರಳು ಬಳಪವನ್ನು ಹೆಚ್ಚು ದೃಢವಾಗಿ ಹಿಡಿಯುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 3ರಿಂದ 8 ವರ್ಷದವರ ಕಲಿಕೆ ಆಟ ಮತ್ತು ಚಟುವಟಿಕೆಗಳ ಮೂಲಕ ಆಗಬೇಕೆಂದು ಹೇಳಿದೆ. ಆದರೆ ಅದು ಸೂಚಿಸುವ ಚೀಲರಹಿತವಾದ ಹತ್ತು ದಿನಗಳು 6ರಿಂದ 8ನೆಯ ತರಗತಿಯವರಿಗೆ. ಹೊರಗಿನ ಲೋಕದ ಹಸಿವು ಅತಿ ತೀವ್ರವಾಗಿರುವ ಎಳೆಯರ ಪಾಲಿಗೆ ಅಂಥ ದಿನಗಳನ್ನು ಶಾಲೆಗಳೇ ಮನಸ್ಸು ಮಾಡಿ ಕಲ್ಪಿಸಬೇಕಾಗಿದೆ.

ಕಾಡಿನ ಮಕ್ಕಳು, ಊರಿನ ಮಕ್ಕಳು

ಈ ವಿಚಾರಕ್ಕೆ ಇನ್ನೊಂದು ಮುಖವಿದೆ. ಮೈಸೂರಿನಿಂದ ಕೆಲವೇ ಗಂಟೆಗಳ ಹಾದಿಯಲ್ಲಿ, ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರ, ಕಾಡುಕುರುಬರ ಮಕ್ಕಳು, ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಮಕ್ಕಳು ಇದ್ದಾರೆ. ಒಂಟಿಕೊಪ್ಪಲಿನ ಮಗು ವಾರಕ್ಕೊಮ್ಮೆ ಹೊರಗೆ ಹೋಗಿ ಕಲಿಯಬೇಕಾದುದನ್ನು ಈ ಮಕ್ಕಳು ನಡೆಯಲು ಕಲಿಯುವಾಗಲೇ ಕಲಿಯುತ್ತಾರೆ. ಯಾವ ಗೆಡ್ಡೆ ತಿನ್ನಬಹುದು, ಯಾವ ಹೂವು ಬಿಟ್ಟಾಗ ಜೇನು ಕಟ್ಟುತ್ತದೆ, ಆನೆ ಎತ್ತ ಹೋಗಿದೆ ಎಂಬುದು ಅವರಿಗೆ ಮನೆಯ ಮಾತು. 1973ರಲ್ಲಿ ಬಂಡೀಪುರವು ಹುಲಿ ಯೋಜನೆಗೆ ಸೇರಿದಂದಿನಿಂದ, ಕಬಿನಿ ಜಲಾಶಯ ತುಂಬಿದಂದಿನಿಂದ, ಈ ಜನರಲ್ಲಿ ಅನೇಕರು ಕಾಡಿನಿಂದ ಅಂಚಿಗೆ ಸರಿಯಬೇಕಾಯಿತು. ಶಾಲೆಗೆ ಬಂದ ಅವರ ಮಗುವಿಗೆ ಅಲ್ಲಿ ಕಾಣುವುದೇನು? ತಾನು ಬಲ್ಲುದೊಂದೂ ಪಾಠದಲ್ಲಿಲ್ಲ. ಪಾಠದಲ್ಲಿರುವುದೊಂದೂ ತನಗೆ ಗೊತ್ತಿಲ್ಲ. ತಜ್ಞನಾಗಿದ್ದ ಮಗು ಶಾಲೆಯ ಹೊಸ್ತಿಲು ದಾಟಿದೊಡನೆ ದಡ್ಡನೆನಿಸಿಕೊಳ್ಳುತ್ತಾನೆ. ಅವನು ಶಾಲೆ ಬಿಟ್ಟರೆ ಆಶ್ಚರ್ಯವೇನು?

ಇದನ್ನರಿತು ನಡೆದ ಪ್ರಯತ್ನಗಳೂ ಇವೆ. 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವೂ, ಹೆಗ್ಗಡದೇವನಕೋಟೆ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಸ್ವಾಮಿ ವಿವೇಕಾನಂದ ಯುವ ಚಳವಳಿಯೂ ಗಿರಿಜನ ಮಕ್ಕಳಿಗೆಂದೇ ಶಾಲೆಗಳನ್ನು ನಡೆಸಿಕೊಂಡು ಬಂದಿವೆ. ನಲಿ ಕಲಿಯು ಈ ತಾಲ್ಲೂಕಿನಲ್ಲಿಯೇ ಹುಟ್ಟಿದುದೂ ಅರ್ಥಪೂರ್ಣವಾಗಿದೆ. ವನವನ್ನು ಪಾಠಶಾಲೆಯೆಂದು ಒಪ್ಪಿದರೆ, ಅದರ ಮೊದಲ ಉಪಾಧ್ಯಾಯರು ಈ ಜನರೇ ಎಂಬುದನ್ನೂ ಒಪ್ಪಬೇಕಾಗುತ್ತದೆ. ಊರಿನ ಮಗುವಿಗೆ ಕಾಡನ್ನು ತೋರಿಸಿ, ಕಾಡಿನ ಮಗುವಿನ ಜ್ಞಾನಕ್ಕೆ ಅಂಕ ಕೊಡದ ಶಿಕ್ಷಣವು ಎರಡು ಕಡೆಯೂ ಅಪೂರ್ಣವೇ. ಹಾಡಿಯ ಹಿರಿಯನೊಬ್ಬನು ವರ್ಷದಲ್ಲಿ ಕೆಲವು ದಿನ ತನ್ನ ಊರಿನ ಶಾಲೆಯಲ್ಲಿ ಗೌರವದ ಆಸನದಲ್ಲಿ ಕುಳಿತು ಗಿಡಮರಗಳನ್ನು ಕುರಿತು ಮಾತಾಡುವಂತಾದರೆ, ಆ ಶಾಲೆಯ ಮಗು ತನ್ನ ಅಜ್ಜನ ವಿದ್ಯೆಯೂ ವಿದ್ಯೆಯೆಂದು ತಿಳಿಯುವುದು. ಒಬ್ಬ ಬಾಲಕನನ್ನು ಶಾಲೆಯಲ್ಲಿ ಉಳಿಸಿಕೊಳ್ಳಲು ಅಷ್ಟೇ ಸಾಕಾಗಬಹುದು.

ಉಪಸಂಹಾರ

ವನಶಿಕ್ಷಣವು ಪುಸ್ತಕಕ್ಕೆ ವಿರೋಧಿಯಲ್ಲ; ಪುಸ್ತಕವು ಹೇಳುವುದಕ್ಕೆ ಆಧಾರ. ಅದಕ್ಕೆ ಕಟ್ಟಡ ಬೇಡ, ಹೆಚ್ಚಿನ ಹಣ ಬೇಡ. ಬೇಕಾದುದು ಶಿಕ್ಷಕರ ತಾಳ್ಮೆ, ಹೆತ್ತವರ ವಿಶ್ವಾಸ, ಊರಿನಲ್ಲಿ ಉಳಿದಿರುವ ಮರಗಳು ಮತ್ತು ಕೆರೆಗಳು. ಇವುಗಳಲ್ಲಿ ಕೊನೆಯದು ಒಮ್ಮೆ ಹೋದರೆ ಮತ್ತೆ ಬೇಗ ಬಾರದು. ಕೆರೆಯ ದಡದಲ್ಲಿ ತನ್ನದೆಂದು ಒಂದು ಮರವನ್ನು ಆರಿಸಿಕೊಂಡು ಬೆಳೆದ ಮಗು, ಮುಂದೆ ಆ ಮರಕ್ಕೆ ಕೊಡಲಿ ಬೀಳುವ ದಿನ ಸುಮ್ಮನಿರಲಾರದು. ಮಳೆನಕ್ಷತ್ರಗಳ ಹೆಸರನ್ನು ಪ್ರತಿವರ್ಷವೂ ಅಚ್ಚುಹಾಕಿಕೊಡುವ ಊರಿನಲ್ಲಿ, ಆ ಮಳೆಯಲ್ಲಿ ಒಮ್ಮೆಯಾದರೂ ನೆಂದು ಅದರ ಗುರುತು ಹಿಡಿಯಬಲ್ಲ ಮಕ್ಕಳೂ ಬೆಳೆಯಬೇಕು. ಈ ಕೆಲಸವನ್ನು ಶಾಲೆಗಳು ಮುಂಬರುವ ಮುಂಗಾರಿನಲ್ಲಿಯೇ ಮೊದಲು ಮಾಡಬಹುದು.